ಮನೆಗೆ ಮೂರು ಮಾರು ಕಾಲುವೆ

ಯಡಿಯೂರು ಕೆರೆಯ ಪಕ್ಕದ ರಸ್ತೆಯಲ್ಲಿ ಬುಟ್ಟಿ ಇಟ್ಟುಕೊಂಡು ಸೊಪ್ಪು ಮಾರುವ ಹೆಂಗಸು ದಂಟಿನ ಸೊಪ್ಪಿನ ಕಟ್ಟನ್ನು ನನ್ನ ಚೀಲಕ್ಕೆ ಹಾಕುತ್ತ, "ಮಾವ ಹೋದ್ರು ಕಣಮ್ಮ. ಹದಿನೈದು ದಿವ್ಸ ಆಯ್ತು. ತಿಥೀನೂ ಮುಗೀತು" ಎಂದಳು. ಹೇಳಿ, ಉಳಿದ ಚಿಲ್ಲರೆಗೆ ಎರಡು ಕಂತೆ ಕೊತ್ತಂಬರಿ ಸೇರಿಸಿದಳು. ನಾನು ಚೀಲ ಹಿಡಿದು ಅಲ್ಲೇ ನಿಂತೆ. ಹಿಂದಿನ ವಾರವೂ, ಅದರ ಹಿಂದಿನ ವಾರವೂ ನಾನು ಊರಿನಲ್ಲಿರಲಿಲ್ಲ. ಅದಕ್ಕೂ ಮೊದಲಿನ ವಾರ ಎಂದಿನಂತೆ, "ಅಜ್ಜಾರು ಹೆಂಗದಾರ?" ಎಂದು ಕೇಳಿದ್ದೆ. ಅವಳು ಎಂದಿನಂತೆ, "ಅವ್ರೆ. ನಿಮ್ಮನ್ನ ಕೇಳ್ತಿದ್ರು. ಒಂದಪ ಬನ್ನಿ" ಎಂದಿದ್ದಳು. ನಾನೂ ಎಂದಿನಂತೆ, "ಬರ್ತೀನಿ" ಎಂದಿದ್ದೆ.

ಆ 'ಬರ್ತೀನಿ'ಯನ್ನು ನಾನು ಏಳೆಂಟು ವರ್ಷಗಳಿಂದ ಹೇಳುತ್ತಿದ್ದೆ. ಈಗ ನಾನಿರುವ ಯಡಿಯೂರಿನಿಂದ ಅವರ ಊರಿಗೆ, ಬನಶಂಕರಿಯಲ್ಲಿ ಬಸ್ಸು ಬದಲಿಸಿದರೂ, ಮುಕ್ಕಾಲು ಗಂಟೆಯ ದಾರಿ.

ಅವರ ಹೆಸರು ಬರೆಯುವುದಿಲ್ಲ. ಊರಿನಲ್ಲಿಯೂ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು 'ನೀರುಗಂಟಿ'. ಕೆರೆಯ ತೂಬು ಎತ್ತಿ, ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ಕೆಲಸ ಅವರ ಮನೆತನದ್ದು. ಉತ್ತರಹಳ್ಳಿಗೂ ಸುಬ್ರಹ್ಮಣ್ಯಪುರಕ್ಕೂ ನಡುವೆ, ಮುಖ್ಯರಸ್ತೆಯಿಂದ ಒಳಗೆ ಹೋದರೆ, ಅವರ ಕೆರೆ. ತೊಂಬತ್ತರ ದಶಕದ ನಡುವಿನಲ್ಲಿ ನಾನು ಅದನ್ನು ಮೊದಲು ನೋಡಿದಾಗ ಏರಿಯ ಒಂದು ಮಗ್ಗುಲಿಗೆ ಇನ್ನೂ ಗದ್ದೆಗಳಿದ್ದವು, ಇನ್ನೊಂದು ಮಗ್ಗುಲಿಗೆ ಆಗಲೇ ಸೈಟುಗಳ ಸುಣ್ಣದ ಗೆರೆ ಬಿದ್ದಿತ್ತು.

ನಾನು ಗದಗಿನ ಕಡೆಯವಳು. ಕೆಲಸ ಹುಡುಕಿಕೊಂಡು ಬಂದು ಬಿ.ಟಿ.ಎಂ. ಲೇಔಟಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆ. ಸಿಕ್ಕ ಕೆಲಸ ಜಯನಗರದ ಒಂದು ಸಣ್ಣ ಸಂಸ್ಥೆಯಲ್ಲಿ. ಹೊರದೇಶದ ದಾನಿಗಳಿಂದ ಹಣ ಪಡೆದು, ಕೆರೆ, ಗೋಮಾಳ, ಕಾಡು ಉಳಿಸಿಕೊಳ್ಳುವ ಊರುಗಳಿಗೆ ಹಂಚುವುದು ಅದರ ಕೆಲಸ. ಜನರೇ ಮುಂದೆ ನಿಂತು ಮಾಡಬೇಕು, ನಾವು ಹಿಂದೆ ಇರಬೇಕು ಎಂಬುದು ನಮ್ಮ ಧ್ಯೇಯವಾಕ್ಯವಾಗಿತ್ತು. ಅದನ್ನು ಚಂದದ ಅಕ್ಷರಗಳಲ್ಲಿ ಬರೆಸಿ ನಮ್ಮ ಮುಖ್ಯಸ್ಥರ ಕುರ್ಚಿಯ ಹಿಂದೆ ತೂಗು ಹಾಕಿದ್ದೆವು. ಅವರು ಕುರ್ಚಿಯಲ್ಲಿ ಕೂತರೆ ಅದು ಕಾಣುತ್ತಿರಲಿಲ್ಲ.

ಮೊದಲ ದಿನ ನಾನು ಏರಿಯ ಮೇಲೆ ನಿಂತು, "ನೀವಾ ಏನ್ರಿ ಇಲ್ಲಿ ನೀರು ನೋಡ್ಕೊಳ್ಳೋರು?" ಎಂದು ಕೇಳಿದೆ. ಅವರು ತೂಬಿನ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಸಣ್ಣ ಆಳು. ಮೊಣಕಾಲಿನ ಕೆಳಗೆ ಚರ್ಮ ಒಣಗಿದ ಕೆರೆಯಂಗಳದಂತೆ ಬಿರಿದಿತ್ತು. "ಯಾವೂರವ್ವ ನಿಂದು? ಮಾತು ಜಗಳಕ್ಕೆ ಬಂದಂಗೈತೆ" ಎಂದು ನಕ್ಕರು. ನಮ್ಮೂರಿನಲ್ಲಿ ಕೆರೆ ಇದೆಯೋ ಎಂದು ಕೇಳಿದರು. ಇದೆ, ಕೊಡ ತುಂಬಿ ಮನೆಗೆ ಒಯ್ಯುವ ಸಿಹಿನೀರಿನ ಕೆರೆ ಎಂದೆ. "ಯಾರು ನೋಡ್ಕತಾರೆ?" ಎಂದರು. ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಆ ನೀರು ಕುಡಿದು ಬಂದಿದ್ದೆ.

ಅಂದು ಸಂಜೆಯವರೆಗೆ ಅವರ ಹಿಂದೆ ಕಾಲುವೆಗುಂಟ ನಡೆದೆ. ಮೇಲಿನ ದಿಣ್ಣೆಗಳ ಮಳೆನೀರನ್ನು ಕೆರೆಗೆ ತರುವ ಆ ಕಾಲುವೆಯೇ ಕೆರೆಯ ಗಂಟಲು ಎಂದು ಅವರು ಹೇಳಿದರು. ಯುಗಾದಿ ಕಳೆದು ಮೊದಲ ಮಳೆ ಬೀಳುವುದರೊಳಗೆ ಊರಿನವರೆಲ್ಲ ಒಂದು ದಿನ ಅದಕ್ಕೆ ಇಳಿದು ಹೂಳು ತೆಗೆಯಬೇಕು. ಹಿಂದಿನ ದಿನ ಅವರು ಮನೆಮನೆಗೆ ಹೋಗಿ ಕರೆಯುತ್ತಿದ್ದರು. ಒಂದು ಮನೆಗೆ ಮೂರು ಮಾರು ಕಾಲುವೆ. ಎರಡು ಕೈಗಳನ್ನೂ ಅಗಲ ಚಾಚಿ ಅಳೆದು, ಪ್ರತಿ ಮೂರು ಮಾರಿಗೂ ಒಂದು ಲಕ್ಕಿ ಗಿಡದ ಕಡ್ಡಿ ನೆಡುತ್ತಿದ್ದರು.

"ಯಾರಾರ ಬರ್ಲಿಲ್ಲಂದ್ರ?" ಎಂದು ಕೇಳಿದೆ.

"ಬರ್ದಿದ್ರೆ ಬುಡ್ತೀನಿ."

"ಬೈಯಂಗಿಲ್ಲೇನ್ರಿ?"

"ನಾನ್ಯಾರವ್ವ ಬಯ್ಯಾಕೆ? ಅವ್ರ ಪಾಲು ಹಂಗೇ ಇರ್ತದೆ. ಈ ಕಡೆ ಕಿಲೀನು, ಆ ಕಡೆ ಕಿಲೀನು, ಮಧ್ಯ ಮೂರು ಮಾರು ಹೂಳು. ಹೋಗೋರು ಬರೋರು, ಇದು ಯಾರ ಮನೇದು ಅಂತ ಕೇಳ್ತಾರೆ. ನಾನು ಹೇಳಲ್ಲ. ಸಾಯಂಕಾಲದೊಳ್ಗೆ ಗುದ್ಲಿ ತಗೊಂಡು ಬಂದುಬುಡ್ತಾರೆ."

ಈ ಕೆಲಸಕ್ಕೆ ಅವರಿಗೆ ಸಿಗುತ್ತಿದ್ದುದು ಸುಗ್ಗಿಯಲ್ಲಿ ಪ್ರತಿ ಮನೆಯ ಕಣದಿಂದ ಒಂದು ಮೊರ ಕಾಳು. ಆ ವರ್ಷ ನಾನು ಅದನ್ನೂ ಹೋಗಿ ನೋಡಿದೆ. ಅವರು ಕಣದ ಅಂಚಿನಲ್ಲಿ ಪಂಚೆಯ ತುದಿ ಹಿಡಿದು ನಿಂತಿದ್ದರು. ಕೊಡುವವರು ತಾಕಿಸಿಕೊಳ್ಳದೆ, ಮೊರವನ್ನು ಎತ್ತರದಲ್ಲಿ ಹಿಡಿದು ರಾಗಿ ಸುರಿದರು. ಕೆಲವು ಕಾಳು ಮಣ್ಣಿಗೆ ಬಿದ್ದವು. ಅವರು ಕೂತು ಒಂದೊಂದನ್ನೇ ಆರಿಸಿಕೊಂಡರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಒಂದು ನಿರ್ಧಾರ ಮಾಡಿದೆ. ನನ್ನ ಜೀವಮಾನದ ದೊಡ್ಡ ತಪ್ಪು ಅದು, ಮತ್ತು ಅದನ್ನು ನಾನು ಪೂರ್ತಿ ಒಳ್ಳೆಯ ಮನಸ್ಸಿನಿಂದಲೇ ಮಾಡಿದೆ.

ಅವರಿಗೆ ತಿಂಗಳ ಸಂಬಳ ಕೊಡಿಸಿದೆ. ಅರ್ಜಿಯಲ್ಲಿ ಅವರನ್ನು 'ಸಮುದಾಯ ಜಲ ಸಂಯೋಜಕ' ಎಂದು ಕರೆದೆ. ಊರಿನಲ್ಲಿ ಸಮಿತಿ ಮಾಡಿಸಿ, ಅವರನ್ನು ಅಧ್ಯಕ್ಷರನ್ನಾಗಿಸಿ, ಶಾಲೆಯಿಂದ ತರಿಸಿದ ಕುರ್ಚಿಯ ಮೇಲೆ ಕೂರಿಸಿ ಫೋಟೋ ತೆಗೆದೆ. ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ಅವರು ಕುರ್ಚಿಯ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಏಳಲು ಸಿದ್ಧರಾದವರಂತೆ ಕೂತಿದ್ದಾರೆ. ನಮ್ಮ ಮುಖ್ಯಸ್ಥರಿಗೆ ಅದು ಎಷ್ಟು ಹಿಡಿಸಿತೆಂದರೆ ವಾರ್ಷಿಕ ವರದಿಯ ರಕ್ಷಾಪುಟಕ್ಕೆ ಹಾಕಿಸಿದರು.

ಮರುವರ್ಷ ಯುಗಾದಿ ಆಗಿ ಹತ್ತು ದಿನಕ್ಕೆ, ಕಾಲುವೆ ಕೆಲಸದ ದಿನವೆಂದು ನಾನು ಕ್ಯಾಮೆರಾ ಹಿಡಿದು ಹೋದೆ. ಏರಿಯ ಮೇಲೆ ಯಾರೂ ಇರಲಿಲ್ಲ. ಕಾಲುವೆಯೊಳಗಿಂದ ಗುದ್ದಲಿಯ ಸದ್ದು ಬರುತ್ತಿತ್ತು. ಇಣುಕಿದರೆ ಅವರೊಬ್ಬರೇ.

"ಮಂದಿ ಎಲ್ಲಿ ಅಜ್ಜಾರ?"

"ಬರಲ್ಲವ್ವ."

"ಕರೀಲಿಲ್ಲೇನ್ರಿ?"

"ಕರೆಯಾಕೆ ಹೋಗಿದ್ದೆ. ಸಂಬ್ಳ ತಗೊಳ್ಳೋನು ನೀನು, ನಮ್ಮನ್ಯಾಕೆ ಕರೀತೀಯಾ ಅಂದ್ರು. ಸರೀನೇ ಅಲ್ವಾ?" ಎಂದು ಮತ್ತೆ ಅಗೆಯತೊಡಗಿದರು. ಅದಕ್ಕೂ ಮುಂಚಿನ ಸುಗ್ಗಿಯಲ್ಲಿ ಕಾಳನ್ನೂ ಯಾರೂ ಕೊಟ್ಟಿರಲಿಲ್ಲವೆಂದು ಆಮೇಲೆ ತಿಳಿಯಿತು. ಅವರಾಗಿ ಹೇಳಿರಲಿಲ್ಲ.

ನಾನು ಕಾಲುವೆಯ ದಂಡೆಯ ಮೇಲೆ ಕೂತೆ. ಅವರು ದಣಿದು ಮೇಲೆ ಬಂದು, ಮಣ್ಣಿನ ಕೈಯನ್ನು ಹುಲ್ಲಿಗೆ ಒರೆಸಿ, "ಈ ಸಂಬ್ಳ ನಿಲ್ಸುಬುಡು ತಾಯಿ" ಎಂದರು. ನನಗೆ ಸಿಟ್ಟು ಬಂತು. "ಮತ್ತ ಅವ್ರ ಕಣದಾಗ ಹೋಗಿ ಸೆರಗೊಡ್ಡಿ ನಿಲ್ತೀರೇನ್ರಿ? ಮುಟ್ಟಂಗಿಲ್ಲ, ಮ್ಯಾಲಿಂದ ಸುರೀತಾರ. ನಾ ನೋಡೇನಿ" ಎಂದು ಸಿಡುಕಿದೆ.

ಅವರು ಎಲೆಯಡಿಕೆ ಸಂಚಿ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿದರು.

"ನೀನು ಒಂದಪ ನೋಡ್ದೆ. ನಾನು ಐವತ್ತು ವರ್ಷ ನೋಡಿವ್ನಿ" ಎಂದರು. "ಮೇಲಿಂದ ಸುರಿಯೋದು ನಿಲ್ಬೇಕು ಕಣವ್ವ. ನಿಲ್ಬಾರ್ದು ಅಂತ ನಾನ್ಯಾಕಂದೇನು? ಆದ್ರೆ ಸುರಿಯೋವಾಗ, ಕೆರೆ ನಮ್ದು ಅಂತ ವರ್ಷಕ್ಕೊಂದಪ ಅವ್ರಿಗೆ ಗ್ಯಾಪ್ಕ ಬರ್ತಿತ್ತು. ಈಗ ಅದು ನಿಂದು, ನಂದು. ನೀನು ಜಯನಗರದಲ್ಲಿರ್ತೀಯ, ನಾನು ಇನ್ನೆಷ್ಟು ದಿವ್ಸ ಇರ್ತೀನಿ? ಮೂರು ವರ್ಷ ಯಾರೂ ಕಾಲ್ವೆಗೆ ಇಳೀದಿದ್ರೆ ನಾಕ್ನೇ ವರ್ಷ ಇಲ್ಲಿ ಕಾಂಪೌಂಡು ಏಳ್ತದೆ. ಆಮೇಲೆ ಯಾವ ಸಂಬ್ಳ ಕೊಟ್ರೂ ನೀರು ಬರಲ್ಲ."

ಹಾಗಾದರೆ ಏನು ಮಾಡೋಣ ಎಂದು ನಾನು ಕೇಳಿದೆ. ಎರಡು ವರ್ಷದಲ್ಲಿ ಅವರನ್ನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವರ ಬಳಿ ಉತ್ತರ ಸಿದ್ಧವಾಗಿತ್ತು.

"ದುಡ್ಡು ಬ್ಯಾಡ ಅನ್ನಲ್ಲ. ತೂಬಿನ ಕಲ್ಲು ಒಡ್ದೈತೆ, ಅದುಕ್ಕೆ ಕೊಡಿ. ಇನ್ನ, ಕಾಲ್ವೆ ದಿನ ಎಲ್ರಿಗೂ ಊಟಕ್ಕೆ ಕೊಡಿ. ಒಂದೇ ಸಾಲು. ಇಳ್ದೋರೆಲ್ಲ ಒಂದೇ ಸಾಲಲ್ಲಿ ಕೂರ್ಬೇಕು. ನಾನೂ ಕೂರ್ತೀನಿ."

ಕಡೆಯ ಮಾತನ್ನು ನನ್ನ ಮುಖ ನೋಡದೆ, ಕೆರೆಯ ಕಡೆ ತಿರುಗಿ ಹೇಳಿದರು.

ನಮ್ಮ ದಾನಿಗಳ ನಮೂನೆಯಲ್ಲಿ ಊಟಕ್ಕೆ ಹಣವಿರಲಿಲ್ಲ. ಹವಾಮಾನ ವೈಪರೀತ್ಯವನ್ನು ಎದುರಿಸಲು ಜನರು ಹೇಗೆ ಸಜ್ಜಾಗುತ್ತಾರೆ ಎಂದು ಬರೆಯಲು ಅರ್ಧ ಪುಟ ಇತ್ತು. ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿ, "ಅನ್ನ ಸಾರು ಹಾಕಿದ್ರೆ ಹವಾಮಾನಕ್ಕೆ ಏನಮ್ಮಾ ಉಪಯೋಗ?" ಎಂದರು. ನಾನು ಅವರಿಗೆ ಕಾಲುವೆಯ ಕಥೆ ಹೇಳಿದೆ. ಆರಿದ್ರೆಯಲ್ಲಿ ಜಿನುಗಬೇಕಾದ ಮಳೆ ಈಗ ಹೊತ್ತಿಗೆ ಬರುವುದಿಲ್ಲ, ಬಂದರೆ ಒಂದೇ ಸಂಜೆಗೆ ಬಕೆಟ್ಟಿನಲ್ಲಿ ಸುರಿದಂತೆ ಬರುತ್ತದೆ, ಆಗ ಗಂಟಲು ತೆರೆದಿದ್ದರಷ್ಟೇ ಕೆರೆಗೆ ಸಿಗುತ್ತದೆ ಎಂದು ನೀರುಗಂಟಿಯವರು ಹೇಳಿದ್ದನ್ನು ಹಾಗೆಯೇ ಒಪ್ಪಿಸಿದೆ. ಮುಖ್ಯಸ್ಥರು ಒಳ್ಳೆಯ ಮನುಷ್ಯರೇ. ಕೊನೆಗೆ ಇಬ್ಬರೂ ಸೇರಿ ಆ ಊಟಕ್ಕೆ 'ಸಾಮರ್ಥ್ಯವರ್ಧನಾ ಕಾರ್ಯಾಗಾರ' ಎಂದು ಹೆಸರಿಟ್ಟು ಕಳಿಸಿದೆವು. ಮಂಜೂರಾಯಿತು.

ಸಂಬಳ ನಿಲ್ಲಿಸಿದೆ. ಮುಂದಿನ ಯುಗಾದಿ ಕಳೆದು ಕರೆಯಲು ಹೋಗುವಾಗ ಅವರು ಹೊಸ ಲೇಔಟಿನ ಮನೆಗಳನ್ನೂ ಬಿಡಲಿಲ್ಲ. "ಅವ್ರ ಮನೆ ಮುಂದ್ಲ ನೀರೂ ಇದೇ ಕಾಲ್ವೆಗೆ ಬತ್ತದೆ, ಅವ್ರಿಗೂ ಮೂರು ಮಾರು" ಎಂದರು. ನಾನು ಜೊತೆಗೆ ಹೋದೆ. ಹೊಸ ಮನೆಗಳು, ಹೊಸ ಬಣ್ಣ, ಗೇಟಿಗೆ ಇನ್ನೂ ಒಣಗದ ಮಾವಿನ ತೋರಣ. ಅವರು ಬಾಗಿಲು ತಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಒಳಗಿನಿಂದ "ಯಾರು?" ಎಂದರೆ, "ನಾನು, ಕೆರೆಯೋನು" ಎನ್ನುತ್ತಿದ್ದರು. ಮೊದಲ ಮನೆಯವರು ಬಾಗಿಲು ಅರ್ಧ ತೆರೆದು ಒಂದು ರೂಪಾಯಿ ಕೊಡಲು ಬಂದರು. ಎರಡನೆಯವರು ಹಳೆಯ ಶರಟು ಇದೆ, ಬೇಕಾ ಎಂದರು. ಅವರು ಎರಡನ್ನೂ ಕೈಮುಗಿದು ಬೇಡವೆಂದು, "ನಾಳೆ ಒಂದಿನ ಬನ್ನಿ ಸಾಮಿ, ಕಾಲ್ವೆ ತೆಗೀಬೇಕು. ಊಟ ಐತೆ" ಎಂದರು.

ನಾಲ್ಕನೇ ಮನೆಯ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. "ಅಜ್ಜಾರ, ನೀವ್ಯಾಕ್ರಿ ಹಂಗ ಹಿಂದ ಸರೀತೀರಿ? ಇದು ನಿಮ್ಮೂರು. ಅವ್ರು ನಿನ್ನೆ ಮೊನ್ನೆ ಬಂದೋರು. ಬಾಗ್ಲ ಮುಂದ ಗಟ್ಯಾಗಿ ನಿಲ್ರಿ" ಎಂದೆ.

ಅವರು ನಕ್ಕರು. "ಹಿಂದೆ ನಮ್ಮಪ್ಪ ನಿಂತಿದ್ದು ನೀನಂದ್ಕೊಂಡಂಗೇ ಕಣವ್ವ. ನಿಲ್ಲು ಅಂದ್ರು, ನಿಂತ. ನಾನು ನಿಲ್ಲೋದು ಬ್ಯಾರೆ. ಮೂತಿ ಹತ್ರ ನಿಂತ್ರೆ ಅವ್ರು ಬಾಗ್ಲಲ್ಲೇ ನಿಂತ್ಕಂಡು ಆಗಲ್ಲ ಅಂತಾರೆ. ಎರಡೆಜ್ಜೆ ಹಿಂದಿಟ್ರೆ, ಇವ್ನೇನಂದ ಅಂತ ಕೇಳುಸ್ಕೊಳ್ಳಾಕೆ ಹೊರಗ್ಬತ್ತಾರೆ. ಹೊರಗ್ಬಂದೋರು ಅರ್ಧ ಕಾಲ್ವೆಗೆ ಬಂದಂಗೇ." ನಾನು ನಂಬಲಿಲ್ಲ. ಮುಂದಿನ ಮನೆಯಲ್ಲಿ ಗಮನಿಸಿದೆ. ಬನಿಯನ್ ತೊಟ್ಟ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿ, ಗೇಟಿನವರೆಗೂ ಬಂದು, "ಏನದು, ಮೂರು ಮಾರು ಅಂದ್ರೆ ಎಷ್ಟಪ್ಪಾ?" ಎಂದು ಕೇಳಿದರು.

ಮರುದಿನ ಆ ಬ್ಯಾಂಕಿನವರು ತೋಟದ ಕೈಗವಸು ತೊಟ್ಟು, ತಲೆಗೆ ಹ್ಯಾಟು ಇಟ್ಟುಕೊಂಡು ಬಂದೇಬಿಟ್ಟರು. ತಮ್ಮ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಎರಡೆರಡು ಸಲ ಖಚಿತಪಡಿಸಿಕೊಂಡರು. ಪಕ್ಕದವರ ಪಾಲಿನ ಮಣ್ಣು ತಮ್ಮ ಕಡೆ ಜಾರಿತೆಂದು ತಕರಾರು ತೆಗೆದರು. ಲೇಔಟಿನಿಂದ ಬಂದವರು ಆರೇ ಮನೆಯವರು. ಆದರೆ ಊರಿನವರು ಬಂದರು. ಮೊದಲು ಹೆಂಗಸರು, ಅವರನ್ನು ನೋಡಿ ಗಂಡಸರು. ಸಂಬಳ ನಿಂತಿದೆ ಎಂಬ ಸುದ್ದಿ ಅವರಿಗೆಲ್ಲ ಮುಟ್ಟಿತ್ತು. ಒಬ್ಬಾಕೆ, "ನಮ್ಮನ್ನ ಬುಟ್ಟು ನೀನೊಬ್ನೇ ಸಾಹುಕಾರ ಆಗೋಕೆ ಹೋಗಿದ್ಯಾ?" ಎಂದು ಅವರನ್ನು ಛೇಡಿಸಿದಳು. ಅವರು ಕೈ ಚಾಚಿ ಮಾರು ಅಳೆಯುತ್ತ ಓಡಾಡುತ್ತಿದ್ದರು.

ಮಧ್ಯಾಹ್ನ ಏರಿಯ ಮೇಲೆ ಹೊಂಗೆ ಮರಗಳ ಕೆಳಗೆ ಒಂದೇ ಸಾಲಿನಲ್ಲಿ ಎಲೆ ಹಾಕಿದರು. ಮುದ್ದೆ, ಹುರುಳಿಕಾಳಿನ ಸಾರು, ಪಾಯಸ. ಅವರು ಸಾಲಿನ ತುದಿಗೆ ಹೋಗಿ ಕೂತರು. ಅವರನ್ನು ಛೇಡಿಸಿದ ಆ ಹೆಂಗಸು ಬಂದು ಅವರ ಆಚೆ ಮಗ್ಗುಲಿಗೆ ತನ್ನ ಎಲೆ ಹಾಕಿಕೊಂಡು ಕೂತಳು. ಆಗ ಅವರು ತುದಿಯಲ್ಲಿ ಉಳಿಯಲಿಲ್ಲ. ಇಬ್ಬರು ಹಿರಿಯರು ಎಲೆ ಎತ್ತಿಕೊಂಡು ದೂರದ ಹುಣಸೆಮರದ ಬುಡಕ್ಕೆ ಹೋದರು. ಉಳಿದವರು ಏಳಲಿಲ್ಲ. ನೀರುಗಂಟಿಯವರು ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ನಾನು ಫೋಟೋ ತೆಗೆಯಲಿಲ್ಲ. ವರದಿಗೆ ಬೇಕಿತ್ತು, ಆದರೂ ತೆಗೆಯಲಿಲ್ಲ.

ಹೊರಡುವಾಗ ಅವರು, "ಈ ಸಲ ಕೋಡಿ ಬೀಳ್ತದೆ. ಬಿದ್ರೆ ಫೋನ್ ಮಾಡುಸ್ತೀನಿ, ಬಂದು ನೋಡು" ಎಂದರು. ಕೆರೆ ತುಂಬಿ ಹೊರಗೆ ಹರಿಯುವ ಕಲ್ಲಿನ ಅಂಚು ಕೋಡಿ. ಅದು ಬಿದ್ದು ಒಂಬತ್ತು ವರ್ಷವಾಗಿತ್ತು.

ಸೆಪ್ಟೆಂಬರಿನ ಉತ್ತೆ ಮಳೆಯಲ್ಲಿ ಫೋನು ಬಂತು. ನಾಣ್ಯ ಹಾಕುವ ಫೋನಿನಿಂದ ತಾವೇ ಮಾತಾಡಿದರು. ಅವರ ದನಿಯನ್ನು ನಾನು ಫೋನಿನಲ್ಲಿ ಕೇಳಿದ್ದು ಅದೊಂದೇ ಸಲ. ಮೈಲಿ ದೂರದವರನ್ನು ಕರೆಯುವಂತೆ ಕೂಗುತ್ತಿದ್ದರು. "ಕೋಡಿ ಬಿದ್ದೈತೆ ಕಣವ್ವಾ! ಬಾ! ಈಗ್ಲೇ ಬಾ!"

ಅಂದು ದಾನಿಗಳ ಕಡೆಯವರು ನಮ್ಮ ಕಚೇರಿಗೆ ಬಂದಿದ್ದರು. ಗೋಡೆಯ ಮೇಲೆ ಸ್ಲೈಡುಗಳನ್ನು ಬಿಟ್ಟು ಅದೇ ಕೆರೆಯ ಬಗ್ಗೆ ನಾನೇ ಮಾತಾಡಬೇಕಿತ್ತು. ಮುಂದಿನ ವರ್ಷದ ಹಣ ಆ ಮಾತಿನ ಮೇಲೆ ನಿಂತಿತ್ತು. "ನಾಳೆ ಬರ್ತೀನ್ರಿ ಅಜ್ಜಾರ" ಎಂದೆ. ಆ ಕಡೆ ನಾಣ್ಯ ಮುಗಿದು ಫೋನು ಕಟ್ಟಾಯಿತು. ಮರುದಿನವೂ ಸಭೆ. ಮೂರನೇ ದಿನ ಹೋದೆ. ಕೆರೆ ತುಂಬಿತ್ತು, ಕೋಡಿ ನಿಂತಿತ್ತು. ಅವರು ಸಿಟ್ಟಾಗಲಿಲ್ಲ. ಕೈಹಿಡಿದು ಕರೆದುಕೊಂಡು ಹೋಗಿ, ಕಲ್ಲಿನ ಮೇಲಿದ್ದ ಒದ್ದೆಯ ಗೆರೆಯ ಮೇಲೆ ಅಂಗೈ ಇಟ್ಟು, "ಇಲ್ಲೀಗಂಟ ಬಂದಿತ್ತು" ಎಂದರು. ನಾನೂ ಅಲ್ಲಿ ಕೈ ಇಟ್ಟೆ. ಕಲ್ಲು ಇನ್ನೂ ತಣ್ಣಗಿತ್ತು. ಆಮೇಲೆ ನಾನು ಅಲ್ಲಿಗೆ ಹೋದ ಯಾವ ವರ್ಷವೂ ಅದು ಬೀಳಲಿಲ್ಲ. ಆ ನೀರು ಕಲ್ಲಿನ ಮೇಲೆ ಹಾರಿ ಬೀಳುವುದನ್ನು, ಅದರ ಪಕ್ಕದಲ್ಲಿ ಅವರು ನಿಂತಿರುವುದನ್ನು ನಾನು ಎಷ್ಟು ಸಲ ಕಲ್ಪಿಸಿಕೊಂಡಿದ್ದೇನೋ. ಕಲ್ಪನೆಯಲ್ಲಿಯೂ ಅವರ ಮುಖ ನನಗೆ ಸರಿಯಾಗಿ ಕಾಣುವುದಿಲ್ಲ.

ಯೋಜನೆಯ ಅವಧಿ ಮುಗಿಯಿತು. ಕಡತಕ್ಕೆ ದಾರ ಕಟ್ಟಿ ಬೀರುವಿನಲ್ಲಿ ಇಟ್ಟೆವು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಆಮೇಲೆ ಕಾಲುವೆಯ ದಿನ ಮಾತ್ರ, ಆಮೇಲೆ ಅದೂ ಇಲ್ಲ. ಅವರೇ ಒಮ್ಮೆ ಬಿ.ಟಿ.ಎಂ.ನ ನನ್ನ ಮನೆ ಹುಡುಕಿಕೊಂಡು ಬಂದಿದ್ದರು, ಒಂದು ಚೀಲ ಅವರೆಕಾಯಿ ಹೊತ್ತು. ಕಾಫಿ ಇಟ್ಟು ಹೊರಗೆ ಬಂದರೆ ಮನುಷ್ಯ ನಾಪತ್ತೆ. ನೋಡಿದರೆ ರಸ್ತೆಯ ಅಂಚಿನಲ್ಲಿ ಕೂತು, ಮೋರಿಯೊಳಗೆ ಮೊಣಕೈವರೆಗೆ ಕೈ ಹಾಕಿ ಪ್ಲಾಸ್ಟಿಕ್ ಕವರುಗಳನ್ನು ಎಳೆದು ಹಾಕುತ್ತಿದ್ದರು. ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಜನ. ನನಗೆ ಮುಜುಗರವಾಗಿ, "ಏಳ್ರಿ ಅಜ್ಜಾರ, ಅದಕ್ಕ ಕಾರ್ಪೊರೇಷನ್ನೋರು ಬರ್ತಾರ" ಎಂದೆ. ಅವರು ತಲೆಯೆತ್ತಿ ನೋಡಿದರು. "ಸಂಬ್ಳದೋರಾ?" ಎಂದು ಕೇಳಿ, ಕೈ ತೊಳೆಯಲು ಎದ್ದರು. ನಾನು ಆ ಮಾತನ್ನು ಕೇಳಿಸಿಕೊಳ್ಳದವಳಂತೆ ನೀರು ಸುರಿದೆ.

ಸೊಪ್ಪಿನ ಬುಟ್ಟಿಯ ಮುಂದೆ ನಿಂತು ಅವರ ಸೊಸೆಯನ್ನು ಕೇಳಿದೆ, ಕೊನೆಗೆ ಏನಾದರೂ ಹೇಳಿದರಾ ಎಂದು. "ಏನೂ ಇಲ್ಲಮ್ಮ. ಈ ವರ್ಷಾನೂ ಕರೆಯೋಕೆ ಹೋಗಿದ್ರು. ಕಣ್ಣು ಮಂಜಾಗಿತ್ತಲ್ಲ, ನಾನೇ ಕೈ ಹಿಡ್ಕೊಂಡು ಹೋಗಿದ್ದೆ. ಏಳು ಮನೆಯೋರು ಬಂದ್ರು. ಆ ಬ್ಯಾಂಕ್ ಅಂಕಲ್ ಇಲ್ಲ ಈಗ, ಅವ್ರ ಸೊಸೆ ಬಂದಿದ್ರು, ಅದೇ ಗ್ಲೌಸ್ ಹಾಕ್ಕೊಂಡು. ಕಾಲ್ವೆ ಅಂತೂ ಮುಚ್ಚಿಲ್ಲ ಕಣಮ್ಮ" ಎಂದಳು. ನನ್ನ ಕಣ್ಣು ತುಂಬಿದ್ದು ನೋಡಿ, "ಅಳ್ಬೇಡಿ. ವಯಸ್ಸಾಗಿತ್ತು" ಎಂದು ನನ್ನನ್ನೇ ಸಮಾಧಾನ ಮಾಡಿದಳು. ನಾನು ಅತ್ತದ್ದು ಅವರ ವಯಸ್ಸಿಗಲ್ಲ. ಮುಕ್ಕಾಲು ಗಂಟೆಯ ದಾರಿಗೆ.

ಆ ಭಾನುವಾರ ಬೆಳಿಗ್ಗೆ ಮೋಡ ಕಟ್ಟಿತ್ತು. ಹಿಂದಿನ ಮಳೆಯಲ್ಲಿ ನಮ್ಮ ಬೀದಿಯ ನೀರು ಮೆಟ್ಟಿಲು ಹತ್ತಿತ್ತು. ಕೆಳಗಿಳಿದು ಮೋರಿಯ ಮುಂದೆ ಕೂತೆ. ಒಂದು ಮನೆಯ ಅಗಲ ತೆಗೆಯುವಷ್ಟರಲ್ಲಿ ಸೊಂಟ ಹಿಡಿಯಿತು. ನನ್ನ ಮೂರು ಮಾರು ಮುಗಿದಿತ್ತು, ಆಚೆಗೆ ಹಾಗೆಯೇ ಇತ್ತು. ಅವರಾಗಿದ್ದರೆ ಪಕ್ಕದವರ ಪಾಲನ್ನು ಮುಟ್ಟುತ್ತಿರಲಿಲ್ಲ. ಕೈ ತೊಳೆದು, ಹದಿಮೂರು ವರ್ಷದಿಂದ ಹೆಸರು ಕೂಡ ಕೇಳಿರದ ಪಕ್ಕದ ಮನೆಯ ಬಾಗಿಲು ತಟ್ಟಿದೆ.

"ಯಾರು?"

"ನಾನ್ರಿ, ಬಾಜೂ ಮನಿಯಾಕಿ. ಮಳಿ ಬರೂದ್ರಾಗ ಮೋರಿ ತೆಗೀಬೇಕಾಗೈತ್ರಿ" ಎಂದೆ.

ಒಳಗೆ ಯಾರೋ ಟಿ.ವಿ.ಯ ಸದ್ದು ಕಡಿಮೆ ಮಾಡಿದರು. ಚಿಲಕ ಸರಿಯುವ ಶಬ್ದವಾಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.